ಬೆಳಗಾವಿಯಿಂದ ದಿಬ್ರುಗಢ: ಹೊತ್ತು ಮುಳುಗುವುದರೊಳಗೆ ಮುಟ್ಟಬಹುದೇ?

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಸಾಮಾನ್ಯವಾಗಿ ಬೇರೆ ಬೇರೆ ವಿಷಯಗಳ ಪತ್ರಗಳನ್ನು ಆರಿಸಿಕೊಳ್ಳುತ್ತೇನೆ. ಈ ಸಲ ಬೈಲಹೊಂಗಲದ ತಾಯಿಯೊಬ್ಬರ ಪತ್ರ ಬಂದಿದೆ. ಅವರ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುವುದು ಸರಿಯೆನಿಸಲಿಲ್ಲ. ಆದ್ದರಿಂದ ಅದನ್ನೇ ಮೊದಲಿಗಿಟ್ಟು, ಅದೇ ವಿಷಯಕ್ಕೆ ಹೊಂದುವ ಇತರ ಕೆಲವು ಪ್ರಶ್ನೆಗಳನ್ನು ಅದರ ಹಿಂದೆ ಜೋಡಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಸೈನ್ಯದಲ್ಲಿದ್ದಾನೆ. ಒಂದೂವರೆ ವರ್ಷದಿಂದ ಅಸ್ಸಾಮಿನ ದಿಬ್ರುಗಢದ ಕಡೆ ಇದ್ದಾನೆ, ಸೊಸೆಯೂ ಅಲ್ಲಿಯೇ ಇದ್ದಾಳೆ. ಬರುವ ಡಿಸೆಂಬರಿನಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿದೆ. ನಾನೂ ನಮ್ಮ ಯಜಮಾನರೂ ಬೆಳಗಾವಿಯಿಂದ ವಿಮಾನದಲ್ಲಿ ಹೋಗಬೇಕೆಂದಿದ್ದೇವೆ. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ಮೊಬೈಲಿನಲ್ಲಿ ಅಂತರ ನೋಡಿದರೆ ಸುಮಾರು 2,470 ಕಿ.ಮೀ., ಮೂರೂವರೆ ಗಂಟೆ ಎಂದು ತೋರಿಸುತ್ತದೆ. ಟಿಕೆಟ್ ಮಾಡಿಸಿಕೊಡುವ ಹುಡುಗ ಹನ್ನೊಂದು ಗಂಟೆ ಎನ್ನುತ್ತಾನೆ. ಮಗನನ್ನು ಕೇಳಿದರೆ 'ಒಂದು ದಿನ ಪೂರಾ ಹಿಡೀತದವ್ವಾ' ಎನ್ನುತ್ತಾನೆ. ಇದರಲ್ಲಿ ಯಾವುದು ನಿಜ? ನಸುಕಿನಲ್ಲಿ ಮನೆ ಬಿಟ್ಟರೆ ಹೊತ್ತು ಮುಳುಗುವುದರೊಳಗೆ ಮಗನ ಮನೆ ಮುಟ್ಟಬಹುದೇ? ಯಜಮಾನರಿಗೆ ಮೊಣಕಾಲು ನೋವಿದೆ, ಹೆಚ್ಚು ನಡೆಯಲಾರರು ಎಂಬುದನ್ನೂ ತಿಳಿಸುತ್ತೇನೆ.
— ಓದುಗರು, ಬೈಲಹೊಂಗಲ

ಉತ್ತರ: ತಾಯಿ, ನಿಮಗೆ ಸಿಕ್ಕಿರುವ ಮೂರು ಉತ್ತರಗಳಲ್ಲಿ ಯಾವುದೂ ಸುಳ್ಳಲ್ಲ. ಮೂರೂವರೆ ಗಂಟೆ ಎಂಬುದು ಸಾಂಬ್ರಾ ನಿಲ್ದಾಣದಿಂದ ಎದ್ದ ವಿಮಾನ ನಡುವೆ ಎಲ್ಲಿಯೂ ಇಳಿಯದೆ ದಿಬ್ರುಗಢದ ಮೋಹನ್‌ಬಾರಿ ನಿಲ್ದಾಣಕ್ಕೆ ಹೋದರೆ ಹಿಡಿಯಬಹುದಾದ ವೇಳೆ. ಹನ್ನೊಂದು ಗಂಟೆ ಎಂಬುದು ನಿಮ್ಮ ಮೊದಲ ವಿಮಾನ ಹೊರಟಾಗಿನಿಂದ ಕೊನೆಯ ವಿಮಾನ ಇಳಿಯುವವರೆಗಿನ ವೇಳೆ. ನಿಮ್ಮ ಮಗ ಹೇಳಿದ್ದು ಬೈಲಹೊಂಗಲದ ಮನೆಯ ಹೊಸ್ತಿಲಿನಿಂದ ಅವನ ಮನೆಯ ಹೊಸ್ತಿಲಿನವರೆಗಿನ ವೇಳೆ. ಅವನು ರಜೆಗೆಂದು ಆ ದಾರಿಯಲ್ಲಿ ಬಂದು ಹೋದವನು, ಆದ್ದರಿಂದ ಅವನ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ.

ಮೊದಲು ದೂರದ ವಿಚಾರ. 2,470 ಕಿ.ಮೀ. ಎಂಬುದು ಭೂಮಿಯ ಗುಂಡಗಿನ ಮೇಲ್ಮೈ ಮೇಲೆ ಎರಡು ನಿಲ್ದಾಣಗಳ ನಡುವೆ ದಾರ ಬಿಗಿದು ಹಿಡಿದರೆ ಸಿಗುವ ಅತಿ ಕಡಿಮೆ ಅಂತರ. ಆ ದಾರ ಬೆಳಗಾವಿಯಿಂದ ಈಶಾನ್ಯಕ್ಕೆ ಹೊರಟು ಕಲಬುರಗಿಯ ನೆತ್ತಿಯ ಮೇಲೆ ಹಾಯ್ದು ಬೀದರದ ಮಗ್ಗುಲಲ್ಲಿ ನಮ್ಮ ರಾಜ್ಯವನ್ನು ಬಿಡುತ್ತದೆ. ಅಲ್ಲಿಂದ ತೆಲಂಗಾಣವನ್ನೂ ಗಡಚಿರೋಲಿಯ ಕಾಡನ್ನೂ ಛತ್ತೀಸಗಢದ ಕಾಂಕೇರವನ್ನೂ ದಾಟಿ, ಉಕ್ಕಿನ ಕಾರ್ಖಾನೆಯ ಊರಾದ ಒಡಿಶಾದ ರೂರ್ಕೆಲಾದ ಸಮೀಪ ಸಾಗಿ, ಬಂಗಾಳದ ಮುರ್ಶಿದಾಬಾದ್ ಜಿಲ್ಲೆಯನ್ನು ಮುಟ್ಟುತ್ತದೆ. ಗಂಗೆ ಪದ್ಮೆಯಾಗಿ ಹರಿಯುವ ಕಡೆ ಬಾಂಗ್ಲಾದೇಶವನ್ನು ಹೊಕ್ಕು, ಮೇಘಾಲಯದಲ್ಲಿ ಮತ್ತೆ ನಮ್ಮ ದೇಶಕ್ಕೆ ಬಂದು, ಗುವಾಹಟಿ ಮತ್ತು ಶಿಲ್ಲಾಂಗ್ ನಡುವೆ ಹಾಯ್ದು, ಬ್ರಹ್ಮಪುತ್ರದ ಮಜುಲಿ ದ್ವೀಪದ ಹತ್ತಿರದಿಂದ ದಿಬ್ರುಗಢಕ್ಕೆ ಇಳಿಯುತ್ತದೆ. ಇಷ್ಟು ವಿವರವಾಗಿ ಬರೆಯಲು ಕಾರಣವಿದೆ: 2,470 ಎಂಬ ಅಂಕಿ ಕಿವಿಗೆ ಬಿದ್ದು ಹೋಗುತ್ತದೆ, ಈ ಊರುಗಳ ಹೆಸರು ಕೇಳಿದಾಗ ಮಾತ್ರ ನಿಮ್ಮ ಮಗ ಎಷ್ಟು ದೂರದಲ್ಲಿದ್ದಾನೆ ಎಂಬುದು ಮನಸ್ಸಿಗೆ ತಟ್ಟುತ್ತದೆ.

ಆದರೆ ಆ ದಾರದ ಮೇಲೆ ಯಾವ ವಿಮಾನವೂ ಹಾರುವುದಿಲ್ಲ. ನೆಲದ ಮೇಲೆ ಹೆದ್ದಾರಿಗಳಿರುವಂತೆ ಆಕಾಶದಲ್ಲಿಯೂ ಗೊತ್ತುಪಡಿಸಿದ ಮಾರ್ಗಗಳಿವೆ, ಸೈನ್ಯದ ಕಾರಣಕ್ಕೆ ಹಾರಾಟ ನಿಷೇಧಿಸಿದ ಪ್ರದೇಶಗಳಿವೆ, ನೆರೆದೇಶದ ಆಕಾಶವನ್ನು ಬಳಸಬೇಕಾದರೆ ಅನುಮತಿಯೂ ಶುಲ್ಕವೂ ಬೇಕು. ಎಲ್ಲಕ್ಕಿಂತ ದೊಡ್ಡ ಕಾರಣವೆಂದರೆ ಜನ. ದೊಡ್ಡ ಜೆಟ್ ವಿಮಾನವೊಂದರಲ್ಲಿ ಸುಮಾರು 180 ಆಸನಗಳಿರುತ್ತವೆ. ಬೆಳಗಾವಿಯಿಂದ ದಿಬ್ರುಗಢಕ್ಕೇ ಹೋಗಬೇಕೆನ್ನುವ ಅಷ್ಟು ಮಂದಿ ದಿನವೂ ಸಿಗುವುದಿಲ್ಲ. ಆದ್ದರಿಂದ ವಿಮಾನ ಕಂಪನಿಗಳು ನಮ್ಮಂಥ ಊರುಗಳವರನ್ನು ಬೆಂಗಳೂರು, ದೆಹಲಿ, ಕೋಲ್ಕತ್ತಾ ಇಂಥ ದೊಡ್ಡ ನಿಲ್ದಾಣಗಳಿಗೆ ತಂದು ಕೂಡಿಸಿ, ಅಲ್ಲಿಂದ ಬೇರೆ ವಿಮಾನಗಳಿಗೆ ಹಂಚುತ್ತವೆ. ನಮ್ಮ ಹಳ್ಳಿಗಳಿಂದ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಬಂದು ಅಲ್ಲಿ ದೂರದ ಊರಿನ ಬಸ್ ಹಿಡಿಯುವ ಹಾಗೆಯೇ ಇದು.

ಹೀಗಾಗಿ ನಿಮ್ಮ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಬೆಂಗಳೂರು ಮತ್ತು ಕೋಲ್ಕತ್ತಾ ಮೂಲಕ. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 445 ಕಿ.ಮೀ., ಬೆಂಗಳೂರಿನಿಂದ ಕೋಲ್ಕತ್ತಾಕ್ಕೆ ಸುಮಾರು 1,550, ಅಲ್ಲಿಂದ ದಿಬ್ರುಗಢಕ್ಕೆ ಸುಮಾರು 850. ಒಟ್ಟು 2,845 ಕಿ.ಮೀ. ಆಗುತ್ತದೆ. ಎರಡನೆಯದು ದೆಹಲಿಯ ಮೂಲಕ. ಬೆಳಗಾವಿಯಿಂದ ದೆಹಲಿ ಸುಮಾರು 1,435, ದೆಹಲಿಯಿಂದ ದಿಬ್ರುಗಢ ಸುಮಾರು 1,760. ಒಟ್ಟು 3,195 ಕಿ.ಮೀ. ಭೂಪಟದ ಮೇಲೆ ನೋಡಿದರೆ ಪೂರ್ವಕ್ಕೆ ಹೋಗಬೇಕಾದವರು ನೆಟ್ಟಗೆ ಉತ್ತರಕ್ಕೆ ಹೋಗಿ ಆಮೇಲೆ ತಿರುಗುವುದು ದಡ್ಡತನವೆನಿಸುತ್ತದೆ. ನೇರ ಅಂತರಕ್ಕಿಂತ 700 ಕಿ.ಮೀ.ಗೂ ಹೆಚ್ಚಿನ ಸುತ್ತು ಅದು. ಆದರೂ ಬೆಳಗಾವಿಯಿಂದ ದೆಹಲಿಗೆ ನೇರ ವಿಮಾನವಿದ್ದು, ಅದರ ವೇಳೆ ಮುಂದಿನ ವಿಮಾನಕ್ಕೆ ಹೊಂದುವ ದಿನಗಳಲ್ಲಿ, ಈ ಸುತ್ತಿನ ದಾರಿಯಲ್ಲಿ ಹೋದವರೇ ಮೊದಲು ಮುಟ್ಟುತ್ತಾರೆ. ಏಕೆಂದರೆ ಜೆಟ್ ವಿಮಾನಕ್ಕೆ 350 ಕಿ.ಮೀ. ಹೆಚ್ಚು ಹಾರಲು ಅರ್ಧ ಗಂಟೆಯೂ ಬೇಕಾಗುವುದಿಲ್ಲ, ನೆಲದ ಮೇಲಿನ ಒಂದು ನಿಲುಗಡೆ ಮಾತ್ರ ಎರಡರಿಂದ ಮೂರು ಗಂಟೆಯನ್ನು ನುಂಗುತ್ತದೆ. ದೂರದ ಸಣ್ಣ ನಿಲ್ದಾಣಗಳ ನಡುವೆ ಪ್ರಯಾಣ ಮಾಡುವವರು ಕಿಲೋಮೀಟರುಗಳನ್ನು ಎಣಿಸುವುದಕ್ಕಿಂತ ನಿಲುಗಡೆಗಳನ್ನು ಎಣಿಸಬೇಕೆಂದು ನಾನು ಕೇಳಿದವರಿಗೆಲ್ಲ ಹೇಳುತ್ತ ಬಂದಿರುವುದು ಇದಕ್ಕಾಗಿಯೇ.

ಈಗ ಮೊದಲ ದಾರಿಯ ವೇಳೆಯನ್ನು ಮನೆಯಿಂದಲೇ ಹಿಡಿದು ಲೆಕ್ಕ ಹಾಕೋಣ. ಬೈಲಹೊಂಗಲದಿಂದ ಸಾಂಬ್ರಾಕ್ಕೆ ಕಾರಿನಲ್ಲಿ ಒಂದೂಕಾಲು ಗಂಟೆ ಎಂದಿಟ್ಟುಕೊಳ್ಳಿ. ವಿಮಾನ ಹೊರಡುವ ಒಂದೂವರೆ ಗಂಟೆ ಮೊದಲು ಅಲ್ಲಿರಬೇಕು, ಏಕೆಂದರೆ ಲಗೇಜು ತೆಗೆದುಕೊಳ್ಳುವ ಕೌಂಟರನ್ನು ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚಿಬಿಡುತ್ತಾರೆ. ಬೆಂಗಳೂರಿಗೆ ಹಾರಾಟ ಒಂದೂಕಾಲು ಗಂಟೆ, ಅಲ್ಲಿ ಕಾಯುವುದು ಮೂರು ಗಂಟೆ. ಕೋಲ್ಕತ್ತಾಕ್ಕೆ ಎರಡು ಗಂಟೆ ನಲವತ್ತು ನಿಮಿಷ, ಅಲ್ಲಿ ಕಾಯುವುದು ಎರಡೂವರೆ ಗಂಟೆ. ದಿಬ್ರುಗಢಕ್ಕೆ ಒಂದು ಗಂಟೆ ನಲವತ್ತು ನಿಮಿಷ, ಇಳಿದ ಮೇಲೆ ಲಗೇಜು ಬರುವವರೆಗೆ ಅರ್ಧ ಗಂಟೆ, ಊರಿಗೆ ನಲವತ್ತು ನಿಮಿಷ. ಎಲ್ಲ ಕೂಡಿಸಿದರೆ ಸರಿಯಾಗಿ ಹದಿನೈದು ಗಂಟೆ. ಅದರಲ್ಲಿ ನೀವು ವಿಮಾನದೊಳಗೆ ಕುಳಿತಿರುವುದು ಐದೂವರೆ ಗಂಟೆಯ ಆಸುಪಾಸು ಮಾತ್ರ, ಉಳಿದ ಒಂಬತ್ತೂವರೆ ಗಂಟೆ ನೆಲದ ಮೇಲೆಯೇ ಕಳೆಯುತ್ತದೆ. ದೆಹಲಿಯ ದಾರಿಯನ್ನು ಇದೇ ಕ್ರಮದಲ್ಲಿ ಲೆಕ್ಕ ಹಾಕಿ, ಅಲ್ಲಿ ಕಾಯುವುದಕ್ಕೆ ಮೂರು ಗಂಟೆ ಹಿಡಿದರೆ, ಸುಮಾರು ಹನ್ನೆರಡೂವರೆ ಗಂಟೆಯಾಗುತ್ತದೆ.

ಹೊತ್ತು ಮುಳುಗುವುದರೊಳಗೆ ಮುಟ್ಟಬಹುದೇ ಎಂಬ ನಿಮ್ಮ ಪ್ರಶ್ನೆಯನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಿಮ್ಮ ಮನಸ್ಸಿನಲ್ಲಿರುವುದು ಬೆಳಗಾವಿಯ ಹೊತ್ತು. ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರು ಗಂಟೆಯ ಸುಮಾರಿಗೆ. ದಿಬ್ರುಗಢದಲ್ಲಿ ಅದೇ ದಿನ ಸಂಜೆ ನಾಲ್ಕು ಇಪ್ಪತ್ತರ ಸುಮಾರಿಗೇ ಸೂರ್ಯ ಮುಳುಗಿ, ಐದು ಗಂಟೆಗೆ ಪೂರ್ತಿ ಕತ್ತಲಾಗಿರುತ್ತದೆ. ನಸುಕಿನ ನಾಲ್ಕೂವರೆಗೆ ಮನೆ ಬಿಟ್ಟು, ಎಲ್ಲ ವಿಮಾನಗಳೂ ವೇಳೆಗೆ ಸರಿಯಾಗಿ ಹೊರಟು, ದೆಹಲಿಯ ದಾರಿಯಲ್ಲಿಯೇ ಹೋದರೂ, ನೀವು ಮಗನ ಮನೆ ಮುಟ್ಟುವುದು ಐದು ಗಂಟೆಗೆ. ಕೋಲ್ಕತ್ತಾದ ದಾರಿಯಲ್ಲಾದರೆ ಏಳೂವರೆ. ಆದ್ದರಿಂದ ಡಿಸೆಂಬರಿನಲ್ಲಿ ಒಂದೇ ದಿನಕ್ಕೆ ಹಗಲು ಬೆಳಕಿನಲ್ಲಿ ಮುಟ್ಟುವುದು ಆಗದ ಮಾತು. ಡಿಸೆಂಬರ್ ಮತ್ತು ಜನವರಿಯಲ್ಲಿ ದೆಹಲಿಯ ಮುಂಜಾವಿನ ಮಂಜು ಬೇರೆ. ಅದು ಒಂದು ವಿಮಾನವನ್ನು ತಡೆದರೆ ಅದರ ಹಿಂದಿನ ಹತ್ತು ವಿಮಾನಗಳು ತಡವಾಗುತ್ತವೆ.

ನನ್ನ ಸಲಹೆ ಇಷ್ಟು. ಮೊದಲ ಬಾರಿಗೆ ವಿಮಾನ ಹತ್ತುವ ನೀವಿಬ್ಬರೂ ಇದನ್ನು ಎರಡು ದಿನದ ಪ್ರಯಾಣವೆಂದೇ ಇಟ್ಟುಕೊಳ್ಳಿ. ಮೊದಲ ದಿನ ಬೆಳಗಾವಿಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಕೋಲ್ಕತ್ತಾಕ್ಕೆ ಹೋಗಿ, ನಿಲ್ದಾಣದ ಹತ್ತಿರದ ವಸತಿಗೃಹದಲ್ಲಿ ರಾತ್ರಿ ಉಳಿಯಿರಿ. ಮರುದಿನ ಬೆಳಿಗ್ಗೆ ಹೊರಡುವ ವಿಮಾನ ಹಿಡಿದರೆ, ಮಧ್ಯಾಹ್ನದ ಊಟದ ಹೊತ್ತಿಗೆ ಮೊಮ್ಮಗಳು ನಿಮ್ಮ ತೊಡೆಯ ಮೇಲಿರುತ್ತಾಳೆ. ಟಿಕೆಟ್ ಮಾಡಿಸುವ ಮೊದಲು ಒಂದು ಮಾತು ನೆನಪಿಡಿ: ವಿಮಾನಗಳ ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಿಂದ ಜಾರಿಗೆ ಬರುತ್ತದೆ, ಬೇಸಿಗೆಯದು ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ. ಈಗ ಇರುವ ವಿಮಾನ ಆಗ ಇಲ್ಲದೆ ಹೋಗಬಹುದು, ಈಗ ಇಲ್ಲದ್ದು ಬಂದಿರಲೂಬಹುದು. ಆದ್ದರಿಂದ ಡಿಸೆಂಬರಿನ ತಾರೀಖು ಹಾಕಿಯೇ ವಿಚಾರಿಸಿ. ಬೆಂಗಳೂರಿನಿಂದ ದಿಬ್ರುಗಢಕ್ಕೆ ನೇರ ವಿಮಾನ ಇದೆಯೇ ಎಂಬುದನ್ನೂ ಆಗಲೇ ಕೇಳಿ. ಇದ್ದರೆ ಬೆಂಗಳೂರಿನಲ್ಲಿಯೇ ರಾತ್ರಿ ಉಳಿದು ಅದನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭ. ಅಲ್ಲಿಂದಲೂ ನೇರ ಅಂತರ ಸುಮಾರು 2,400 ಕಿ.ಮೀ., ಅಂದರೆ ಬೆಳಗಾವಿಯಿಂದ ಇರುವಷ್ಟೇ.

ಪ್ರಶ್ನೆ: ಎರಡು ಊರುಗಳ ಅಕ್ಷಾಂಶ ರೇಖಾಂಶ ಗೊತ್ತಿದ್ದರೆ ವಿಮಾನದ ಅಂತರವನ್ನು ನಾವೇ ಲೆಕ್ಕ ಹಾಕಬಹುದೇ? ಕಾಲೇಜಿನ ಗಣಿತ ಸಾಕಾಗುತ್ತದೆಯೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಹೈಸ್ಕೂಲಿನ ಗಣಿತವೇ ಸಾಕು. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಾಂಬ್ರಾ ನಿಲ್ದಾಣ ಸುಮಾರು 15.86 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 74.62 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಮೋಹನ್‌ಬಾರಿ 27.48 ಡಿಗ್ರಿ ಉತ್ತರ, 95.02 ಡಿಗ್ರಿ ಪೂರ್ವ. ಅಕ್ಷಾಂಶದ ವ್ಯತ್ಯಾಸ 11.62 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಎಲ್ಲಿಯಾದರೂ ಸುಮಾರು 111 ಕಿ.ಮೀ. ಇರುವುದರಿಂದ, ದಿಬ್ರುಗಢ ನಮಗಿಂತ 1,290 ಕಿ.ಮೀ. ಉತ್ತರಕ್ಕಿದೆ.

ರೇಖಾಂಶದ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ರೇಖಾಂಶದ ಗೆರೆಗಳು ಸಮಭಾಜಕದ ಬಳಿ ಅಗಲವಾಗಿದ್ದು, ಧ್ರುವದ ಕಡೆಗೆ ಹೋದಂತೆ ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆದ್ದರಿಂದ 111ನ್ನು ಆ ಜಾಗದ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಎರಡು ಊರುಗಳ ನಡುವಿನ ಸರಾಸರಿ ಅಕ್ಷಾಂಶ 21.67 ಡಿಗ್ರಿ, ಅದರ ಕೊಸೈನ್ 0.929. ಹೀಗೆ ಒಂದು ಡಿಗ್ರಿಗೆ 103 ಕಿ.ಮೀ. ಚಿಲ್ಲರೆ ಆಗುತ್ತದೆ. ರೇಖಾಂಶದ ವ್ಯತ್ಯಾಸ 20.4 ಡಿಗ್ರಿಯಾದ್ದರಿಂದ ಪೂರ್ವಕ್ಕೆ ಸುಮಾರು 2,104 ಕಿ.ಮೀ. ಇನ್ನು ಉಳಿದದ್ದು ಪೈಥಾಗೊರಸ್. 1,290 ಮತ್ತು 2,104ರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 2,468 ಬರುತ್ತದೆ. ಗೋಲೀಯ ತ್ರಿಕೋನಮಿತಿಯ ಉದ್ದನೆಯ ಸೂತ್ರ ಹಾಕಿ ನಾನು ಮಾಡಿದ ಲೆಕ್ಕಕ್ಕೂ ಇದಕ್ಕೂ ಬಂದ ವ್ಯತ್ಯಾಸ ಒಂದೆರಡು ಕಿ.ಮೀ. ಮಾತ್ರ.

ಈ ಸುಲಭದ ವಿಧಾನ ನಮ್ಮ ದೇಶದೊಳಗಿನ ಅಂತರಗಳಿಗೆ ಹೊಂದುತ್ತದೆ, ಖಂಡಾಂತರ ಪ್ರಯಾಣಕ್ಕೆ ಹೊಂದುವುದಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ಹಾರಿಸಿ ತಂದದ್ದು ನಿಮಗೆ ನೆನಪಿರಬಹುದು. ಅಷ್ಟು ದೂರಕ್ಕೆ ಚಪ್ಪಟೆ ಭೂಪಟವನ್ನು ನಂಬಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ನಿಮ್ಮ ಕಾಲೇಜಿನಲ್ಲಿ ಮೂವತ್ತು ಸೆಂಟಿಮೀಟರ್ ವ್ಯಾಸದ ಭೂಗೋಳವೊಂದಿದ್ದರೆ, ಬೆಳಗಾವಿಯಿಂದ ಅಸ್ಸಾಮಿನ ಮೂಲೆಯವರೆಗೆ ದಾರ ಬಿಗಿದು ಅಳೆದು ನೋಡಿ. ಆರು ಸೆಂಟಿಮೀಟರಿಗೆ ಕೊಂಚ ಕಡಿಮೆ ಬರಬೇಕು, ಅಂದರೆ ಮೂರು ಬೆರಳಿನ ಅಗಲ. ಹತ್ತು ನಿಮಿಷದ ಕೆಲಸ. ಕೈಯಲ್ಲಿ ದಾರ ಹಿಡಿದು ಕಲಿತದ್ದು ಮರೆಯುವುದಿಲ್ಲ.

ದೂರದಿಂದ ವೇಳೆ ಕಂಡುಹಿಡಿಯುವುದು ಇನ್ನೂ ಸುಲಭ. ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ. 2,470ನ್ನು 830ರಿಂದ ಭಾಗಿಸಿದರೆ ಮೂರು ಗಂಟೆ. ನಿಲ್ದಾಣದಲ್ಲಿ ರನ್‌ವೇವರೆಗೆ ತೆವಳುವುದು, ನಿಧಾನವಾಗಿ ಮೇಲೇರುವುದು, ಇಳಿಯುವಾಗ ವೇಗ ತಗ್ಗಿಸುವುದು, ಮತ್ತೆ ತೆವಳುವುದು ಇವಕ್ಕೆಲ್ಲ ಸೇರಿ ಅರ್ಧ ಗಂಟೆ ಕೂಡಿಸಿ. ಬೈಲಹೊಂಗಲದ ತಾಯಿಯ ಮೊಬೈಲು ತೋರಿಸಿದ ಮೂರೂವರೆ ಗಂಟೆ ಬಂದದ್ದು ಹೀಗೆ. ಸಣ್ಣ ಊರುಗಳಿಗೆ ಓಡಾಡುವ, ಎಪ್ಪತ್ತಕ್ಕೂ ತುಸು ಹೆಚ್ಚು ಆಸನಗಳ ಎಟಿಆರ್ ವಿಮಾನದ ರೆಕ್ಕೆಗೆ ಪಂಖಗಳಿರುತ್ತವೆ, ಅದರ ವೇಗ ಗಂಟೆಗೆ 500 ಕಿ.ಮೀ. ಸುಮಾರು. ಅದು ಬಂದರೆ ಬೆಳಗಾವಿ–ಬೆಂಗಳೂರು ನಡುವೆ ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ.

ಪ್ರಶ್ನೆ: ದೆಹಲಿಯಿಂದ ಅಸ್ಸಾಮಿಗೆ ಹೋಗುವಾಗ ಬೇಗ ಮುಟ್ಟಿದ ವಿಮಾನ, ಬರುವಾಗ ಅರ್ಧ ಗಂಟೆ ಹೆಚ್ಚು ತೆಗೆದುಕೊಂಡಿತು. ದೂರ ಒಂದೇ ಅಲ್ಲವೇ?
— ಓದುಗರು, ವಿಜಯಪುರ

ಉತ್ತರ: ದೂರ ಒಂದೇ, ಗಾಳಿ ಬೇರೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನಗಳು ಹಾರುವ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಯೊಂದು ಹರಿಯುತ್ತಿರುತ್ತದೆ. ಅದನ್ನು ಜೆಟ್ ಪ್ರವಾಹ ಎನ್ನುತ್ತಾರೆ. ಹರಿಗೋಲು ಹೊಳೆಯ ಜೊತೆಗೆ ಹೋಗುವುದಕ್ಕೂ ಹೊಳೆಗೆ ಎದುರಾಗಿ ಬರುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಬೆನ್ನಿಗೆ ಗಂಟೆಗೆ 100 ಕಿ.ಮೀ. ಗಾಳಿ ಇದೆಯೆಂದು ಹಿಡಿದರೆ, 830ರ ವೇಗದ ವಿಮಾನ ನೆಲದ ಲೆಕ್ಕದಲ್ಲಿ 930ರಲ್ಲಿ ಸಾಗುತ್ತದೆ, ಎದುರು ಗಾಳಿಯಾದರೆ 730ರಲ್ಲಿ. ದೆಹಲಿ–ದಿಬ್ರುಗಢ ನಡುವಿನ 1,760 ಕಿ.ಮೀ.ಗೆ ಈ ಎರಡು ವೇಗಗಳನ್ನು ಹಾಕಿ ನೋಡಿದರೆ ಮೂವತ್ತು ನಿಮಿಷದ ಅಂತರ ಬರುತ್ತದೆ. ನೀವು ಗಡಿಯಾರ ನೋಡಿ ಗಮನಿಸಿದ್ದೂ ಅಷ್ಟೇ.

ಮಳೆಗಾಲ ಶುರುವಾಗುವ ಹೊತ್ತಿಗೆ ಈ ಗಾಳಿಯ ಹೊಳೆ ಹಿಮಾಲಯದಾಚೆಗೆ ಸರಿಯುತ್ತದೆ, ಆಗ ಈ ವ್ಯತ್ಯಾಸ ಬಹುಮಟ್ಟಿಗೆ ಕರಗುತ್ತದೆ. ಬೆಳಗಾವಿ–ದೆಹಲಿ ಹಾರಾಟ ಹೆಚ್ಚುಕಡಿಮೆ ದಕ್ಷಿಣೋತ್ತರವಾಗಿರುವುದರಿಂದ, ಅಲ್ಲಿ ಗಾಳಿ ಪಕ್ಕದಿಂದ ಬೀಸುತ್ತದೆ, ಹೋಗುವ ಬರುವ ವೇಳೆಯಲ್ಲಿ ಅಷ್ಟು ಹೆಚ್ಚುಕಡಿಮೆ ಕಾಣುವುದಿಲ್ಲ. ಚಳಿಗಾಲದಲ್ಲಿ ಅಸ್ಸಾಮಿನಿಂದ ಮರಳುವವರು ದೆಹಲಿಯಲ್ಲಿ ಮುಂದಿನ ವಿಮಾನ ಹಿಡಿಯಲು, ಹೋಗುವಾಗ ಇಟ್ಟುಕೊಂಡದ್ದಕ್ಕಿಂತ ಅರ್ಧ ಗಂಟೆ ಹೆಚ್ಚು ಬಿಡುವು ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಎರಡು ವಿಮಾನಗಳಿಗೆ ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ಎರಡು ಸಾವಿರ ರೂಪಾಯಿ ಉಳಿಯುತ್ತದೆ. ತೆಗೆದುಕೊಳ್ಳಬಹುದೇ? ನಡುವೆ ಎಷ್ಟು ಹೊತ್ತಿನ ಬಿಡುವು ಬೇಕು?
— ಓದುಗರು, ಗೋಕಾಕ

ಉತ್ತರ: ಈ ಪ್ರಶ್ನೆಗೆ ನನ್ನ ಅನುಭವವನ್ನೇ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಹೀಗೆಯೇ ಹಣ ಉಳಿಯುತ್ತದೆಂದು, ಒಂದು ಸಣ್ಣ ನಿಲ್ದಾಣದಿಂದ ದೊಡ್ಡ ನಗರಕ್ಕೆ ಒಂದು ಕಂಪನಿಯ ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಕಂಪನಿಯ ಟಿಕೆಟ್ ತೆಗೆದುಕೊಂಡೆ. ನಡುವೆ ಒಂದು ಗಂಟೆ ಐವತ್ತು ನಿಮಿಷದ ಬಿಡುವಿತ್ತು. ಮೊದಲ ವಿಮಾನ ಐವತ್ತು ನಿಮಿಷ ತಡವಾಯಿತು. ಇಳಿದು ಲಗೇಜಿನ ಬೆಲ್ಟಿನ ಮುಂದೆ ನಿಂತರೆ, ಹಸಿರು ನೈಲಾನ್ ಹಗ್ಗ ಕಟ್ಟಿದ ಯಾರದೋ ಕೆಂಪು ಸೂಟ್‌ಕೇಸೊಂದು ಮತ್ತೆ ಮತ್ತೆ ನನ್ನ ಮುಂದೆ ಸುತ್ತಿ ಹೋಗುತ್ತಿತ್ತು, ನನ್ನ ಚೀಲ ಮಾತ್ರ ಬರಲಿಲ್ಲ. ಅದು ಬಂದು, ನಾನು ಅದನ್ನು ಎಳೆದುಕೊಂಡು ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಎರಡನೆಯ ಕಂಪನಿಯ ಕೌಂಟರ್ ಮುಟ್ಟುವ ಹೊತ್ತಿಗೆ, ಅದನ್ನು ಮುಚ್ಚಿ ಏಳು ನಿಮಿಷವಾಗಿತ್ತು. ಮೊದಲ ವಿಮಾನದ ತಡಕ್ಕೂ ತಮಗೂ ಸಂಬಂಧವಿಲ್ಲವೆಂದು ಅವರು ಹೇಳಿದರು. ಟಿಕೆಟ್ ಬೇರೆಯಾದ್ದರಿಂದ ಅವರ ಮಾತು ನಿಯಮದ ಪ್ರಕಾರ ಸರಿಯೇ ಆಗಿತ್ತು. ಮರುದಿನದ ಟಿಕೆಟ್ಟಿಗೆ ಉಳಿತಾಯದ ನಾಲ್ಕು ಪಟ್ಟು ಹಣ ತೆತ್ತು, ಆ ರಾತ್ರಿಯನ್ನು ಉಕ್ಕಿನ ಕುರ್ಚಿಯ ಮೇಲೆ ಕಳೆದೆ. ನನ್ನನ್ನು ಕರೆದೊಯ್ಯಲು ಬಂದಿದ್ದ ಅಣ್ಣನ ಮಗ ಆ ಕಡೆ ನಿಲ್ದಾಣದ ಹೊರಗೆ ಅಷ್ಟು ಹೊತ್ತು ಕಾದು ಹಿಂತಿರುಗಿದ್ದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಆದ್ದರಿಂದ ಒಂದೇ ದಿನದಲ್ಲಿ ಎರಡು ಮೂರು ವಿಮಾನ ಹಿಡಿಯುವವರು ಎಲ್ಲವನ್ನೂ ಒಂದೇ ಪಿಎನ್‌ಆರ್ ಸಂಖ್ಯೆಯಡಿ, ಅಂದರೆ ಒಂದೇ ಟಿಕೆಟ್ಟಿನಲ್ಲಿ ಮಾಡಿಸಬೇಕು. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದಾಗುತ್ತದೆ. ಲಗೇಜನ್ನೂ ಮೊದಲ ಊರಿನಲ್ಲಿ ಒಪ್ಪಿಸಿದರೆ ಸಾಮಾನ್ಯವಾಗಿ ಕೊನೆಯ ಊರಿನಲ್ಲಿಯೇ ಸಿಗುತ್ತದೆ. ಕೌಂಟರಿನಲ್ಲಿ ಲಗೇಜಿಗೆ ಕಟ್ಟುವ ಚೀಟಿಯನ್ನು ಓದಿ ನೋಡಿ: ದಿಬ್ರುಗಢಕ್ಕಾದರೆ ಅದರ ಮೇಲೆ ದಪ್ಪಕ್ಷರದಲ್ಲಿ 'ಡಿ–ಐ–ಬಿ' ಎಂಬ ಇಂಗ್ಲಿಷ್ ಅಕ್ಷರಗಳಿರಬೇಕು. ಬೆಳಗಾವಿಯ ಗುರುತು 'ಐ–ಎಕ್ಸ್–ಜಿ'. ನಡುವಿನ ಊರಿನ ಗುರುತಿದ್ದರೆ ಅಲ್ಲಿಯೇ ಕೇಳಿ, ವಿಮಾನ ಹತ್ತಿದ ಮೇಲೆ ಕೇಳಿ ಉಪಯೋಗವಿಲ್ಲ. ಒಂದೇ ಟಿಕೆಟ್ ಇದ್ದರೂ ದೊಡ್ಡ ನಿಲ್ದಾಣದಲ್ಲಿ ಎರಡು ಗಂಟೆಗಿಂತ ಕಡಿಮೆ ಬಿಡುವು ಬೇಡ. ಚಳಿಗಾಲದ ಮಂಜಿನ ದಿನಗಳಲ್ಲಿ ಮೂರು ಗಂಟೆ ಇರಲಿ. ಸಣ್ಣ ನಿಲ್ದಾಣಗಳಿಗೆ ದಿನಕ್ಕೆ ಒಂದೋ ಎರಡೋ ವಿಮಾನಗಳಷ್ಟೇ ಇರುವುದರಿಂದ, ಮುಂಬಯಿ–ದೆಹಲಿ ವಿಮಾನ ತಪ್ಪಿದವರು ಒಂದು ಗಂಟೆ ಕಾದರೆ ನಮ್ಮಂಥವರು ಒಂದು ದಿನ ಕಾಯಬೇಕಾಗುತ್ತದೆ. ನಡುವೆ ರಾತ್ರಿ ಉಳಿಯುವುದೇ ನಿಮ್ಮ ಯೋಜನೆಯಾಗಿದ್ದರೆ ಮಾತ್ರ ಬೇರೆ ಬೇರೆ ಟಿಕೆಟ್ ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ಅಸ್ಸಾಮಿನ ಚಹಾ ತೋಟಗಳಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆಯೆಂದು ಕೇಳಿದ್ದೇನೆ. ಹಾಗಾದರೆ ವಿಮಾನದ ಟಿಕೆಟ್ಟಿನ ಮೇಲಿನ ವೇಳೆ ಯಾವುದು?
— ಓದುಗರು, ಬೆಂಗಳೂರು

ಉತ್ತರ: ಟಿಕೆಟ್ಟಿನ ಮೇಲೆ ಇರುವುದು ದೇಶಕ್ಕೆಲ್ಲ ಒಂದೇ ಆದ ಭಾರತೀಯ ಕಾಲಮಾನ, ಅದರಲ್ಲಿ ಸಂಶಯ ಬೇಡ. ನೀವು ಕೇಳಿದ ಮಾತೂ ನಿಜವೇ. ಬ್ರಿಟಿಷರ ಕಾಲದಿಂದ ಅಲ್ಲಿನ ಚಹಾ ತೋಟಗಳು 'ಬಾಗಾನ್ ಟೈಮ್' ಎಂಬ ಒಂದು ಗಂಟೆ ಮುಂದಿನ ವೇಳೆಯನ್ನು ಕೆಲಸದ ಪಾಳಿಗಳಿಗೆ ಬಳಸುತ್ತ ಬಂದಿವೆ. ನಮ್ಮ ಕಾಲಮಾನವನ್ನು ನಿಗದಿ ಮಾಡಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ಬೆಳಗಾವಿ ಆ ಗೆರೆಯ ಪಶ್ಚಿಮಕ್ಕೆ ಸುಮಾರು 8 ಡಿಗ್ರಿ, ದಿಬ್ರುಗಢ ಪೂರ್ವಕ್ಕೆ ಹನ್ನೆರಡೂವರೆ ಡಿಗ್ರಿ ದೂರದಲ್ಲಿವೆ. ಸೂರ್ಯ ಒಂದು ಡಿಗ್ರಿ ದಾಟಲು ನಾಲ್ಕು ನಿಮಿಷ ಬೇಕಾದ್ದರಿಂದ, ಇವೆರಡು ಊರುಗಳ ನಡುಮಧ್ಯಾಹ್ನಗಳ ನಡುವೆ 82 ನಿಮಿಷದ ಅಂತರವಿದೆ. ಜೂನ್ ತಿಂಗಳಲ್ಲಿ ದಿಬ್ರುಗಢದಲ್ಲಿ ನಸುಕಿನ ನಾಲ್ಕು ಇಪ್ಪತ್ತರ ಸುಮಾರಿಗೆ ಸೂರ್ಯ ಹುಟ್ಟಿದರೆ, ಬೆಳಗಾವಿಯಲ್ಲಿ ಆರು ಗಂಟೆಯಾಗಬೇಕು. ತೋಟದ ಮನೆಯೊಂದರಿಂದ ನಿಮ್ಮನ್ನು ನಿಲ್ದಾಣಕ್ಕೆ ಕಳಿಸುವವರು 'ಹತ್ತಕ್ಕೆ ಹೊರಡೋಣ' ಎಂದರೆ, ಯಾವ ಗಡಿಯಾರದ ಹತ್ತು ಎಂದು ಕೇಳಿಕೊಳ್ಳುವುದು ಮೇಲು.

ಪ್ರಶ್ನೆ: ಇಷ್ಟೆಲ್ಲ ಕಾಯುವುದಾದರೆ ರೈಲಿನಲ್ಲಿಯೇ ಹೋಗಬಾರದೇಕೆ?
— ನಿವೃತ್ತ ಶಿಕ್ಷಕರು, ಖಾನಾಪುರ

ಉತ್ತರ: ಬಿಡುವಿದ್ದರೆ ಹೋಗಬಹುದು, ದೇಶವನ್ನು ನೋಡಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬೆಂಗಳೂರಿನಿಂದ ದಿಬ್ರುಗಢದ ನೆರೆಯ ನ್ಯೂ ತಿನ್ಸುಕಿಯಾಕ್ಕೆ ವಾರಕ್ಕೊಮ್ಮೆ ರೈಲಿದೆ. ಅದು ಎರಡೂವರೆಯಿಂದ ಮೂರು ದಿನ ಹಿಡಿಯುತ್ತದೆ. ದೇಶದ ಅತಿ ಉದ್ದದ ರೈಲು ಪ್ರಯಾಣವೆಂದು ಹೆಸರಾದ, 2011ರಲ್ಲಿ ಆರಂಭವಾದ ವಿವೇಕ್ ಎಕ್ಸ್‌ಪ್ರೆಸ್ ದಿಬ್ರುಗಢದಿಂದ ಕನ್ಯಾಕುಮಾರಿಗೆ 4,100 ಕಿ.ಮೀ.ಗೂ ಹೆಚ್ಚು ದೂರ ಓಡುತ್ತದೆ, ಆದರೆ ಕರ್ನಾಟಕವನ್ನು ಹೊಕ್ಕುವುದಿಲ್ಲ. ವಿಮಾನದ ಅಂತರಕ್ಕಿಂತ ರೈಲಿನ ದಾರಿ ಇಷ್ಟು ಹೆಚ್ಚಾಗುವುದಕ್ಕೆ ಮುಖ್ಯ ಕಾರಣ ಬಾಂಗ್ಲಾದೇಶದ ಗಡಿ. ಈಶಾನ್ಯಕ್ಕೆ ಹೋಗುವ ರೈಲುಗಳೂ ರಸ್ತೆಗಳೂ ಸಿಲಿಗುರಿಯ ಬಳಿಯ, ಒಂದು ಕಡೆ ಇಪ್ಪತ್ತು ಇಪ್ಪತ್ತೆರಡು ಕಿ.ಮೀ. ಮಾತ್ರ ಅಗಲವಿರುವ ನೆಲದ ಪಟ್ಟಿಯ ಮೂಲಕ ನುಸುಳಬೇಕು.

ಇತಿಹಾಸ ಕಲಿಸಿದ್ದಾಗಿ ಪತ್ರದಲ್ಲಿ ಬರೆದಿದ್ದೀರಿ, ಆದ್ದರಿಂದ ಇದನ್ನೂ ಸೇರಿಸುತ್ತೇನೆ. ನಿಮ್ಮ ಊರಿನ ಹತ್ತಿರದ ಸಾಂಬ್ರಾವನ್ನು ಬ್ರಿಟಿಷ್ ವಾಯುಪಡೆ ಕಟ್ಟಿದ್ದು 1942ರಲ್ಲಿ. ಅದೇ ವರ್ಷ ಆ ತುದಿಯ ಅಸ್ಸಾಮಿನ ವಿಮಾನ ನಿಲ್ದಾಣಗಳಿಂದ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಚೀನಾಕ್ಕೆ ಯುದ್ಧಸಾಮಗ್ರಿ ಸಾಗಿಸುವ 'ಹಂಪ್' ಹಾರಾಟ ಆರಂಭವಾಯಿತು. ಆ ನಿಲ್ದಾಣಗಳಲ್ಲಿ ಮೋಹನ್‌ಬಾರಿಯೂ ಒಂದಾಗಿತ್ತು.

ಬೈಲಹೊಂಗಲದ ತಾಯಿಗೆ ಇನ್ನೊಂದು ಮಾತು: ನಿಮ್ಮ ಯಜಮಾನರ ಮೊಣಕಾಲಿನ ವಿಚಾರವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿ, ಹೊರಡುವ ಎರಡು ದಿನ ಮೊದಲು ಕಂಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಬೆಂಗಳೂರು, ಕೋಲ್ಕತ್ತಾ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಕೆಲವೊಮ್ಮೆ ಹದಿನೈದು ನಿಮಿಷ ನಡೆಯಬೇಕಾಗುತ್ತದೆ, ಆದ್ದರಿಂದ ಸಂಕೋಚಪಡಬೇಡಿ. ಕುರ್ಚಿ ತಳ್ಳಿಕೊಂಡು ಹೋಗುವ ಸಿಬ್ಬಂದಿ ದಾರಿಯನ್ನೂ ತೋರಿಸುವುದರಿಂದ, ಮೊದಲ ಬಾರಿಗೆ ಹೋಗುವ ನಿಮಗೂ ಅನುಕೂಲ. ಗಾಲಿಕುರ್ಚಿಯವರನ್ನು ವಿಮಾನಕ್ಕೆ ಮೊದಲು ಹತ್ತಿಸಿದರೂ, ಇಳಿಸುವುದು ಎಲ್ಲರೂ ಇಳಿದ ಮೇಲೆ. ಹೀಗಾಗಿ ಬೆಂಗಳೂರಿನ ಬಿಡುವಿಗೆ ಇನ್ನೊಂದು ಅರ್ಧ ಗಂಟೆ ಸೇರಿಸಿ, ಮೂರೂವರೆ ಗಂಟೆ ಇಟ್ಟುಕೊಳ್ಳಿ. ದಿಬ್ರುಗಢದಲ್ಲಿಯೂ ನೀವು ಹೊರಗೆ ಬರುವುದು ಉಳಿದವರಿಗಿಂತ ಇಪ್ಪತ್ತು ಮೂವತ್ತು ನಿಮಿಷ ತಡವಾದೀತು, ಬಾಗಿಲಲ್ಲಿ ಕಾಯುವ ಮಗ ಗಾಬರಿಯಾಗದಂತೆ ಅವನಿಗೆ ಇದನ್ನು ಮೊದಲೇ ಹೇಳಿಡಿ.